ಚಾಪೆ ಅಂದ, ಆಮೇಲೆ ಏನಂದ?

ಸೆಪಿಯಾ ನೇಯ್ದ ಚಾಪೆಯಲ್ಲಿ ನೀರು ಹೊತ್ತು ತರಬಹುದು ಎಂದು ಅವಳ ತಾಯಿ ಜಾರಾ ಕಂಡಕಂಡವರಿಗೆ ಹೇಳುತ್ತಿದ್ದಳು. ಅದು ಸುಳ್ಳು. ನೀರು ಸೋರುತ್ತಿತ್ತು. ಆದರೆ ಅಂಥ ನೇಯ್ಗೆಯಲ್ಲಿ ಸೋರುವುದಕ್ಕೆ ನೀರಿಗೇ ನಾಚಿಕೆಯಾಗಿ ಸ್ವಲ್ಪ ಹೊತ್ತು ಹಿಂದುಮುಂದು ನೋಡುತ್ತಿತ್ತು ಎಂಬುದು ಮಾತ್ರ ನಿಜ. ತೆರೆಂಗಾನು ಕರಾವಳಿಯ ಆ ನದೀಮುಖದ ಹಳ್ಳಿಯಲ್ಲಿ ಮುಂಡುಗದ ಎಲೆಯ ಮುಳ್ಳು ತೆಗೆದು, ಬೆಂಕಿಗೆ ಹಿಡಿದು ಬಾಡಿಸಿ, ಸೀಳಿ, ನೆನೆಹಾಕಿ, ಒಣಗಿಸಿ, ಬಣ್ಣ ಕಟ್ಟಿ ನೇಯುವ ಹೆಂಗಸರು ಮನೆಗೊಬ್ಬರಿದ್ದರು. ಅವರಲ್ಲಿ ಸೆಪಿಯಾಳ ಬೆರಳುಗಳಷ್ಟು ಚುರುಕಿನವು ಬೇರೆ ಇರಲಿಲ್ಲ, ಅವಳ ಬಾಯಿಯಷ್ಟು ನಿಧಾನದ್ದೂ ಬೇರೆ ಇರಲಿಲ್ಲ. ಹತ್ತೊಂಬತ್ತಕ್ಕೆ ಒಬ್ಬ ಲಾರಿ ಡ್ರೈವರನಿಗೆ ಕೊಟ್ಟಿದ್ದರು. ಅವನು ಗೇರು ಬದಲಿಸಿದಷ್ಟೇ ಸಲೀಸಾಗಿ ತಲಾಖ್ ಕೊಟ್ಟು ಮನೆ ಬದಲಿಸಿ ಹೋದ. ಅಂದಿನಿಂದ ಸೆಪಿಯಾ ತವರಿನ ಜಗಲಿಯಲ್ಲಿ ಕೂತು ನೇಯುತ್ತಿದ್ದಳು. ಈಗ ಅವಳಿಗೆ ಮೂವತ್ತಮೂರು.

ಆ ಊರಿನಲ್ಲಿ ಚಾಪೆ ಎಂದರೆ ಬರೀ ಚಾಪೆಯಲ್ಲ. ಹುಟ್ಟಿದವರನ್ನು ಮಲಗಿಸುವುದೂ ಅದರ ಮೇಲೆ, ಹೋದವರನ್ನು ಮಲಗಿಸುವುದೂ ಅದರ ಮೇಲೆ. ನಡುವೆ ಬದುಕು ಅಂತ ಒಂದಿಷ್ಟು ಇರುತ್ತದಲ್ಲ, ಅದನ್ನೂ ಜನ ಚಾಪೆಯ ಮುಂದೆ ಒಂದು ಕ್ರಿಯಾಪದ ಹಚ್ಚಿ ಹೇಳಿ ಮುಗಿಸುತ್ತಿದ್ದರು. 'ಚಾಪೆ ಹಾಸಿದ' ಎಂದರೆ ಊರಿಗೆ ಊಟ ಹಾಕಿಸಿದ. 'ಚಾಪೆ ಸುತ್ತಿದ' ಎಂದರೆ ವ್ಯಾಪಾರ ಮುಳುಗಿ ಅಂಗಡಿ ಮುಚ್ಚಿದ. 'ಚಾಪೆ ಬದಲಿಸಿದ' ಎಂದರೆ ಹೆಂಡತಿ ತೀರಿಕೊಂಡ ಮೇಲೆ ಅವಳ ತಂಗಿಯನ್ನೇ ಮದುವೆಯಾದ. ಮರ್ಯಾದಸ್ತರ ಊರು, ಯಾವುದನ್ನೂ ನೇರವಾಗಿ ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ನಿಜವಾಗಿ ಮಲಗುವುದಕ್ಕೆ ಚಾಪೆ ಬೇಕಾದ ಬಡಪಾಯಿ ಮಾತ್ರ ಅಂಗಳದಲ್ಲಿ ನಿಂತು, "ಎಲೆ ಚಾಪೆ ಅಮ್ಮಾ, ಎಲೇದು!" ಎಂದು ಆಣೆಯಿಟ್ಟು ಕೇಳಬೇಕಾಗುತ್ತಿತ್ತು.

ಒಂದು ಬುಧವಾರ ಬೆಳಿಗ್ಗೆ ಮೀನು ಮಾರುವ ಡೊಲಾ ತನ್ನ ಮೋಟಾರ್‌ಸೈಕಲ್ಲನ್ನು, ಕಂಬಗಳ ಮೇಲೆ ನಿಂತ ಜಾರಾಳ ಮನೆಯ ಏಣಿಯ ಬುಡಕ್ಕೆ ತಂದು ನಿಲ್ಲಿಸಿದ. ಆ ಗಾಡಿಯ ಸದ್ದಿಗೆ ಸಮುದ್ರದಲ್ಲಿದ್ದ ಮೀನು ಹೆದರಿ ತಾವಾಗಿಯೇ ಬಲೆಗೆ ಬೀಳುತ್ತವೆ ಎಂದು ಬೆಸ್ತರು ಹೇಳುತ್ತಿದ್ದರು. ಅದರ ಮೇಲೆ ಇಪ್ಪತ್ತು ವರ್ಷ ಕೂತಿದ್ದ ಡೊಲಾನ ಕಿವಿಗಳು ಮುಖಕ್ಕೆ ಅಲಂಕಾರವಾಗಿ ಮಾತ್ರ ಉಳಿದಿದ್ದವು.

"ಜಾರಕ್ಕಾ! ನಿನ್ನ ಅಳಿಯ ಹೇಳಿ ಕಳಿಸಿದ್ದಾನೆ. ಶುಕ್ರವಾರ ನಮಾಜು ಮುಗಿಸ್ಕೊಂಡು ಬರ್ತಾನಂತೆ. ಚಾಪೆ ಬದಲಿಸ್ತಾನಂತೆ!"

ಅವನು ಹೇಳಿದ್ದು ಜಾರಾಳೊಬ್ಬಳಿಗೆ. ಕೇಳಿಸಿದ್ದು ಮಾತ್ರ ನದಿಯ ಆಚೆ ದಡದವರೆಗೆ.

ಅಳಿಯ ಎಂದರೆ ಡೆರಮಾನ್. ದೋಣಿಕಟ್ಟೆಯಲ್ಲಿ ಕಾಫಿ ಅಂಗಡಿ ಇಟ್ಟಿದ್ದವನು. ಅವನ ಕಾಫಿಯಲ್ಲಿ ಚಮಚ ನೆಟ್ಟರೆ ನೆಟ್ಟಗೆ ನಿಲ್ಲುತ್ತಿತ್ತು. ಜಾರಾಳ ಹಿರಿಮಗಳು ಕಲ್ಸುಮ್ ಅವನ ಹೆಂಡತಿ. ಕಳೆದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು. ಐದು ವರ್ಷದ ಮಗಳು ಮೆಲೂರ್ ಅಂದಿನಿಂದ ಅಜ್ಜಿಯ ಮನೆಯಲ್ಲಿ, ಅಂದರೆ ಸೆಪಿಯಾಳ ಮಗ್ಗುಲಲ್ಲಿ ಇದ್ದಳು. ರಾತ್ರಿ ಕಾಲು ತಂದು ಚಿಕ್ಕಮ್ಮನ ಹೊಟ್ಟೆಯ ಮೇಲೆ ಹಾಕಿದರೆ ಬೆಳಗಾಗುವವರೆಗೆ ತೆಗೆಯುತ್ತಿರಲಿಲ್ಲ. ಸೆಪಿಯಾಳೂ ತೆಗೆಸುತ್ತಿರಲಿಲ್ಲ. ಆ ಪುಟ್ಟ ಕಾಲಿನ ಭಾರವಿಲ್ಲದೆ ನಿದ್ದೆ ಬರುವುದಿಲ್ಲವೆಂಬುದು, ಆ ಬುಧವಾರ ಕೈಯಲ್ಲಿದ್ದ ಎಲೆಯ ಸೀಳು ತಟ್ಟನೆ ತುಂಡಾದಾಗ ಅವಳಿಗೆ ತಿಳಿಯಿತು.

ಜಾರಾ ಆಗಲೇ ಅಡುಗೆಮನೆಗೆ ಓಡಿದ್ದಳು. ಸೆಪಿಯಾ ಏಣಿಯಿಳಿದು ಡೊಲಾನ ಗಾಡಿಯ ಮುಂದೆ ಅಡ್ಡ ನಿಂತಳು.

"ಡೊಲಾ ಮಾಮ, ಗಾಡಿ ಆರಿಸಿ. ಭಾವ ಬದಲಿಸ್ತೀನಿ ಅಂತಾನೇ ಅಂದ್ರಾ?"

"ಚಾಪೆ ಅಂದ. ಅದ್ರಲ್ಲಿ ಅನುಮಾನಾನೇ ಇಲ್ಲ."

"ಚಾಪೆ ಆದ್ಮೇಲೆ?"

"ಆದ್ಮೇಲೆ ಗಾಡಿ ಕೆಮ್ತು."

"ಅಂದ್ರೆ ನಿಮಗೆ ಕೇಳಿಸ್ಲಿಲ್ಲ."

"ಯಾಕೆ ಕೇಳಿಸ್ಲಿಲ್ಲ? ಗಾಡಿ ಕೆಮ್ಮಿದ್ದು ಚೆನ್ನಾಗೇ ಕೇಳಿಸ್ತು. ನೋಡು ತಾಯಿ, ಹೆಂಡ್ತಿ ಸತ್ತ ಗಂಡಸು ಒಂದ್ಕಡೆ, ಒಂಟಿ ನಾದಿನಿ ಒಂದ್ಕಡೆ, ಮಧ್ಯೆ ಒಂದು ಚಾಪೆ. ಉಳಿದದ್ದು ನಾನು ಕೈಯಿಂದ ಹಾಕ್ಕೊಂಡೆ. ಅಷ್ಟೂ ಬುದ್ಧಿ ಇಲ್ದೆ ಇಷ್ಟು ವರ್ಷ ಮೀನು ಮಾರಿದ್ದೀನಾ?"

"ನೀವು ಮಾರೋ ಮೀನಿನ ತಲೆಯಲ್ಲಿ ಅದಕ್ಕಿಂತ ಜಾಸ್ತಿ ಇರುತ್ತೆ ಮಾಮ," ಎಂದು ಸೆಪಿಯಾ ದಾರಿ ಬಿಟ್ಟಳು.

ಡೊಲಾ ಗಾಡಿ ಒದ್ದು ಹೊರಟುಹೋದ. ಸೆಪಿಯಾ ಏಣಿಯ ಬುಡದಲ್ಲೇ ನಿಂತಳು. ಡೆರಮಾನ್ ಚಾಪೆ ಎಂದದ್ದು ಖಂಡಿತ. ಆಮೇಲೆ ಏನಂದ? ಬದಲಿಸುತ್ತೇನೆ ಎಂದಿದ್ದರೆ ಮೆಲೂರ್ ಇಲ್ಲೇ ಉಳಿಯುತ್ತಾಳೆ. ಸುತ್ತುತ್ತೇನೆ ಎಂದಿದ್ದರೆ ಹೋಗುತ್ತಾಳೆ. ಅಂಗಡಿ ಮುಚ್ಚಿದ ಗಂಡಸು ಈ ಊರಲ್ಲಿ ನಿಲ್ಲುವುದಿಲ್ಲ, ಹೋಗುವಾಗ ಮಗಳನ್ನು ಬಿಟ್ಟೂ ಹೋಗುವುದಿಲ್ಲ. ಸೇತುವೆಯಾಗಿ ದೋಣಿ ನಿಂತ ಮೇಲೆ ದೋಣಿಕಟ್ಟೆಯ ಅಂಗಡಿಯಲ್ಲಿ ನೊಣಗಳೂ ಬೇಸರ ಬಂದು ಬೇರೆ ಕಡೆ ಹೋಗಿದ್ದವು. ಅದು ಊರಿಗೆಲ್ಲ ಗೊತ್ತಿತ್ತು. ಒಂದು ಗಾಡಿ ಕೆಮ್ಮಿದ್ದಕ್ಕೆ ಒಂದು ಮಗು ಯಾರದೆಂಬುದು ತೂಗಾಡುತ್ತಿತ್ತು.

ತಾಯಿಗೆ ಹೇಳಿಬಿಡೋಣವೆಂದು ಅವಳು ಮೇಲೆ ಹೋದಳು. ಅಷ್ಟರಲ್ಲಿ ಜಾರಾ ಶುಕ್ರವಾರಕ್ಕೆಂದು ಅಂಟಕ್ಕಿ, ಅರಿಶಿನ ಅಳೆದಿಟ್ಟು, ಹಿಂದಿನ ಕಿಟಕಿಯಲ್ಲಿ ಅರ್ಧ ಮೈ ಹೊರಗೆ ಹಾಕಿ, ಪಕ್ಕದ ಮನೆಗೆ, ಪಕ್ಕದ ಮನೆಯ ಪಕ್ಕದ ಮನೆಗೆ, ಒಟ್ಟಿನಲ್ಲಿ ಊರಿಗೆ ಸುದ್ದಿ ಹಂಚುತ್ತಿದ್ದಳು.

"ನಾನು ಬಾಯಿಬಿಟ್ಟು ಕೇಳಿದ್ನಾ? ಇಲ್ಲ. ಅವನಾಗೇ ಬಂದ. ಹೆಣ್ಣಿನ ಕಡೆಯೋರು ಕೇಳೋದುಂಟಾ?"

"ಅಮ್ಮ, ಶುಕ್ರವಾರ ಬರೋವರೆಗಾದ್ರೂ ಸುಮ್ನಿರ್ತೀಯಾ? ಡೊಲಾ ಮಾಮನಿಗೆ ಸರಿಯಾಗಿ ಕೇಳಿಸಿಲ್ಲ."

"ಅವನಿಗೆ ಕೇಳಿಸಿಲ್ಲ ಅಂದ್ರೇನು, ನನಗೆ ಕೇಳಿಸ್ತಲ್ಲ! ನೀನು ಮಾತ್ರ ಆ ಲಾರಿಯವನ ಹತ್ರ ಮುಖ ಗಂಟು ಹಾಕ್ಕೊಂಡು ಕೂತಹಾಗೆ ಕೂರ್ಬೇಡ. ಮಗು ನಮ್ಮಲ್ಲೇ ಉಳಿಯುತ್ತೆ. ಅದಕ್ಕಿಂತ ಇನ್ನೇನು ಬೇಕು ನಿನಗೆ?"

ಇನ್ನೇನೂ ಬೇಕಾಗಿರಲಿಲ್ಲ. ಅದೇ ಭಯ.

ಗುರುವಾರ ನಸುಕಿಗೆ ಅವಳು ನೇಯಲು ಕೂತಳು. ಎಲೆ ತಂಪಿಗೆ ಬಾಗುವುದು ಆ ಹೊತ್ತಿನಲ್ಲೇ, ಬಿಸಿಲೇರಿದರೆ ಒಡೆಯುತ್ತದೆ. ಅಂದು ಎಲೆ ಬಾಗಿತು, ಮನಸ್ಸು ಬಾಗಲಿಲ್ಲ. ಭಾವನ ಜೊತೆ ಬದುಕುವುದನ್ನು ಊಹಿಸಿ ನೋಡಿದಳು. ಕೆಟ್ಟವನಲ್ಲ. ಅವನ ಗೊರಕೆಗೆ ಹಿಂದೊಮ್ಮೆ ಬಂದರಿಗೆ ಹಡಗು ಬಂತೆಂದು ಕೂಲಿಗಳು ಓಡಿದ್ದರಂತೆ. ಅದನ್ನು ಹೇಗೋ ಸಹಿಸಬಹುದು. ಆದರೆ ಅವನ ಎದುರು ಕೂತಾಗ ಅಕ್ಕನ ನೆನಪು ಇಬ್ಬರ ನಡುವೆ ಬಂದು ಕೂರುತ್ತದಲ್ಲ, ಅದನ್ನು ಏಳು ಎನ್ನುವವರು ಯಾರು? ಮೆಲೂರ್ ಎದ್ದು ಬಂದು, ಕಣ್ಣುಜ್ಜುತ್ತ, ಅರ್ಧ ನೇಯ್ದ ಚಾಪೆಯ ಮೇಲೆಯೇ ಮಲಗಿಕೊಂಡಳು.

"ಎದ್ದೇಳೇ, ಎಳೆ ಬಿಟ್ಹೋಗುತ್ತೆ."

"ನೀನು ನನ್ನ ಸುತ್ತ ನೇಯಿ ಚಿಕ್ಕಮ್ಮ," ಎಂದಿತು ಮಗು.

ಸೆಪಿಯಾ ಬಗ್ಗಿ ಕೆಲಸ ಮಾಡುವವಳಂತೆ ಮುಖ ಮರೆಸಿಕೊಂಡಳು. ಒಪ್ಪುತ್ತೇನೆ, ಎಂದು ಆ ಕ್ಷಣ ನಿರ್ಧರಿಸಿದಳು. ಅವನು ಬದಲಿಸುತ್ತೇನೆ ಎಂದರೆ ಒಪ್ಪುತ್ತೇನೆ. ಎನ್ನದಿದ್ದರೆ? ಮಗುವನ್ನು ಎಬ್ಬಿಸದೆ, ಅದರ ಸುತ್ತಲೇ ಮುಂದಿನ ಎಳೆ ಹಾಕಿದಳು.

ಶುಕ್ರವಾರ ಅರಿಶಿನದ ಅನ್ನದ ಪರಿಮಳ ಊರನ್ನು ಮೂರು ಸುತ್ತು ಹಾಕಿ ಬಂದಿತ್ತು. ನಮಾಜು ಮುಗಿದು ಡೆರಮಾನ್ ದಾರಿಯಲ್ಲಿ ಕಾಣಿಸಿಕೊಂಡಾಗ, ಸುತ್ತಲಿನ ಮನೆಗಳ ಕಿಟಕಿಗಳಲ್ಲಿ ತಲೆಗಳು ತೆಂಗಿನಕಾಯಿ ಗೊಂಚಲಿನ ಹಾಗೆ ನೇತಾಡುತ್ತಿದ್ದವು. ಅವನು ಕಾಲು ತೊಳೆದು ಏಣಿ ಹತ್ತಿ ಬಂದು ಜಗಲಿಯ ಚಾಪೆಯ ಮೇಲೆ ಕೂತ. ಸೆಪಿಯಾ ಒಳಗೆ, ಬಿದಿರಿನ ತಡಿಕೆಯ ಹಿಂದೆ ಕೂತಳು. ತಡಿಕೆಯ ಸಂದಿನಲ್ಲಿ ಅವನ ಒಂದು ಕಿವಿ, ಅರ್ಧ ಗಲ್ಲ ಕಾಣುತ್ತಿತ್ತು. ಗಲ್ಲ ಇಳಿದುಹೋಗಿತ್ತು.

"ಹೇಳಪ್ಪ," ಎಂದಳು ಜಾರಾ, ಬೆಣ್ಣೆ ಮೆತ್ತಿದ ದನಿಯಲ್ಲಿ. "ಡೊಲಾ ಹೇಳ್ದ. ಚಾಪೆ ವಿಷಯ."

"ನಿಮಗೆ ಗೊತ್ತಾಯ್ತಲ್ಲ ಅತ್ತೆ. ನಾನಾಗೇ ಹೇಳ್ಬೇಕಾಗಿತ್ತು. ಬಾಯಿ ಬರ್ಲಿಲ್ಲ."

"ಇಂಥ ವಿಷಯ ಬಾಯಿಬಿಟ್ಟು ಹೇಳೋದಲ್ಲಪ್ಪ. ಎಷ್ಟು ದಿನದಿಂದ ಮನಸ್ಸಲ್ಲಿತ್ತು?"

"ಸೇತುವೆ ಆದಾಗಿಂದ."

ಜಾರಾಳ ದನಿಯ ಬೆಣ್ಣೆ ಕರಗಿತು. ಸೇತುವೆಯಾಗಿ ಎರಡು ವರ್ಷವಾಗಿತ್ತು. ಕಲ್ಸುಮ್ ಹೋದದ್ದು ಕಳೆದ ಮಳೆಗಾಲ.

"ಅಂದ್ರೆ... ನನ್ನ ಮಗಳು ಬದುಕಿದ್ದಾಗಲೇ?"

"ಹೌದು ಅತ್ತೆ. ಅವಳ ಹತ್ರಾನೂ ಹೇಳಿದ್ದೆ."

"ಅವಳ ಹತ್ರಾನೂ!"

"ಬೇಡ ಅಂತ ಅವಳೂ ಅನ್ಲಿಲ್ಲ. ಇನ್ನೊಂದ್ ಸ್ವಲ್ಪ ದಿನ ನೋಡೋಣ, ಆಮೇಲೆ ನೀವುಂಟು ನಿಮ್ಮ ಇಷ್ಟ ಉಂಟು ಅಂದ್ಳು."

ಜಾರಾ ಎದೆಯ ಮೇಲೆ ಕೈಯಿಟ್ಟುಕೊಂಡಳು. ತಡಿಕೆಯ ಹಿಂದೆ ಸೆಪಿಯಾ ಕೈಗೆ ಸಿಕ್ಕ ಎಲೆಯ ಸೀಳೊಂದನ್ನು ಬಿಗಿಯಾಗಿ ಹಿಡಿದುಕೊಂಡಳು. ಗಾಡಿ ಕೆಮ್ಮಿದಾಗ ನುಂಗಿಹೋದ ಮಾತು ಯಾವುದೆಂದು ಅವಳಿಗೀಗ ಗೊತ್ತಾಗಿತ್ತು. ಅವನು ಸುತ್ತುತ್ತೇನೆ ಎಂದಿದ್ದ.

"ಭಾನುವಾರ ಬಸ್ಸು," ಎನ್ನುತ್ತಿದ್ದ ಡೆರಮಾನ್, ಅತ್ತೆಯ ಮುಖ ನೋಡದೆ. "ಪಹಾಂಗಿನಲ್ಲಿ ತಾಳೆಎಣ್ಣೆ ತೋಟದೋರ ಕ್ಯಾಂಟೀನಲ್ಲಿ ಅಡುಗೆ ಕೆಲ್ಸ ಸಿಕ್ಕಿದೆ. ಮೆಲೂರ್ ಬಟ್ಟೆ ಒಂದಿಷ್ಟು ಕಟ್ಟಿಟ್ರೆ..."

"ಮದ್ವೆಗೆ ಮೊದ್ಲೇ ಎಲ್ಲಿಗಯ್ಯಾ ಕರ್ಕೊಂಡ್ಹೋಗ್ತೀಯ?"

"ಯಾರ ಮದ್ವೆ?"

ಅಕ್ಕಪಕ್ಕದ ಕಿಟಕಿಗಳಲ್ಲಿ ಉಸಿರು ಹಿಡಿದವರು ಅದನ್ನು ಬಿಡುವುದು ಹೇಗೆಂದು ಮರೆತರು. ಸರಿಯಾಗಿ ಆ ಹೊತ್ತಿಗೆ ಮೆಲೂರ್ ಮನೆಯ ಕೆಳಗಿನಿಂದ, ಕೋಳಿಗಳ ಮಧ್ಯದಿಂದ ಎದ್ದು ಬಂದು ಏಣಿಯ ಮೇಲೆ ತಲೆಯೆತ್ತಿದಳು.

"ಅಜ್ಜಿ, ಹಳದಿ ಅನ್ನ ಈಗ ತಿನ್ಬೋದಾ?"

ಮಗು ಒಬ್ಬೊಬ್ಬರ ಮುಖ ನೋಡಿ, ಹಳದಿ ಅನ್ನಕ್ಕೆ ಏನೋ ಆಗಿದೆ ಎಂದುಕೊಂಡು ಕೆಳಗಿಳಿಯಿತು.

ಡೆರಮಾನ್ ಆಗ ತಾನೇ ಆ ಪರಿಮಳವನ್ನು ಮೂಸಿದಂತೆ ಮೂಗು ಅರಳಿಸಿದ. ಮದುವೆ ಮಾತಿಗೆ ಮಾತ್ರ ಮಾಡುವ ಅನ್ನ. ಅವನ ಕಾಣುತ್ತಿದ್ದ ಒಂದು ಕಿವಿ ಕೆಂಪಾಯಿತು.

"ನಾನು ಚಾಪೆ ಸುತ್ತುತೀನಿ ಅಂತ ಹೇಳಿ ಕಳಿಸಿದ್ದು, ಅತ್ತೆ."

"ಸುತ್ತುತೀಯಾ? ಹಾಸೋಕೆ ಮೊದ್ಲೇ ಸುತ್ತೋ ಗಂಡಸನ್ನ ನಾನು ನೋಡಿರ್ಲಿಲ್ಲ! ಹೋಗು. ಸುತ್ಕೊಂಡು ಎಲ್ಲಿಗಾದ್ರೂ ಹೋಗು. ಮಗೂನ ಯಾಕೆ ಎಳೀತೀಯ? ಅದು ಇಲ್ಲಿ ಚೆನ್ನಾಗಿಲ್ವಾ?"

ಅವನು ಮೊದಲ ಸಲ ತಲೆಯೆತ್ತಿದ. "ನೀವೇ ಅಂದ್ರಲ್ಲ."

"ನಾನು ಏನಂದೆ?"

"ಹಬ್ಬದ ದಿನ. ನಾನು ಊಟಕ್ಕೆ ಕೂತಿದ್ದೆ, ಎಲ್ಲರೂ ಇದ್ರು. 'ಗಂಡಸಾದೋನು ಎಷ್ಟು ದಿನ ಅಂತ ಮಗಳನ್ನ ಪರರ ಚಾಪೆ ಮೇಲೆ ಮಲಗಿಸ್ತಾನೆ' ಅಂದ್ರಿ. ಆವತ್ತು ತಿಂದ ಅನ್ನ ಇನ್ನೂ ಗಂಟ್ಲಲ್ಲೇ ಇದೆ ಅತ್ತೆ. ನಿಮಗೆ ಭಾರ ಆಗಿದ್ದಾಳೆ ಅಂತ ಗೊತ್ತಾಯ್ತು. ಅದಕ್ಕೇ ಕೆಲ್ಸ ಹುಡುಕ್ದೆ."

ಜಾರಾ ಹಣೆಗೆ ಫಟ್ಟನೆ ಕೈ ಬಡಿದುಕೊಂಡಳು.

"ಅಯ್ಯೋ ದಡ್ಡಮುಂಡೇದೇ!" ಎಂದಳು. "ಅದು ನಿನಗೆ ಸೂಚನೆ ಕೊಟ್ಟಿದ್ದು ಕಣೋ! ಪರರ ಚಾಪೆ ಯಾಕೆ, ನಿಂದೇ ಚಾಪೆ ಮಾಡ್ಕೋ ಅಂತ! ಬದಲಿಸು ಅಂತ! ಇಡೀ ಊರಿಗೆ ಅರ್ಥ ಆಯ್ತು, ನಿನಗಾಗ್ಲಿಲ್ವಾ?"

"ಬೈದ್ರಿ ಅಂದ್ಕೊಂಡೆ."

"ನಾನು ಬೈದ್ರೆ ಬೈದ ಹಾಗೇ ಇರುತ್ತೆ! ಆವತ್ತು ಮೆತ್ತಗೆ ಹೇಳಿರ್ಲಿಲ್ವಾ?"

ಅವಳ ಮೆತ್ತಗಿನ ದನಿಗೂ ಬೈಗುಳಕ್ಕೂ ನಡುವಿನ ವ್ಯತ್ಯಾಸ ಹಿಡಿಯಲು ಚಿನ್ನ ತೂಗುವ ತಕ್ಕಡಿ ಬೇಕಿತ್ತು. ಪಾಪ, ಕಾಫಿಯವನಲ್ಲಿ ಅದೆಲ್ಲಿ ಬರಬೇಕು. ಅವನು ತಲೆ ತಗ್ಗಿಸಿದ. ಅವಳು ತಲೆವಸ್ತ್ರದ ಅಂಚಿನಿಂದ ಮೂಗೊರೆಸಿಕೊಂಡಳು. ಇನ್ನು ಒಂದೇ ಒಂದು ಮಾತು ಉಳಿದಿತ್ತು, ಅದನ್ನು ಆಡುವವರಿರಲಿಲ್ಲ. ಹೆಣ್ಣಿನ ತಾಯಿ ಕೇಳುವಂತಿಲ್ಲ. ಆಗಲೇ ಆಡಿದ್ದು ಕೇಳಿದ್ದಕ್ಕಿಂತ ಹೆಚ್ಚಾಗಿತ್ತು. ಬೇರೆ ಅರ್ಥದಲ್ಲಿ ಬಂದ ಗಂಡಸು, ಸುತ್ತಲಿನ ಅಷ್ಟು ಕಿವಿಗಳ ಮುಂದೆ, ಅನ್ನದ ವಾಸನೆಗೆ ಮನಸ್ಸು ಬದಲಿಸಿದೆ ಎನ್ನುವಂತಿಲ್ಲ. ಇಬ್ಬರೂ ಮರ್ಯಾದೆಯಿಂದ ಕೂತರು. ಇನ್ನೊಂದು ಗಳಿಗೆ ಹೀಗೆ ಕೂತರೆ ಡೆರಮಾನ್ ಎದ್ದು, ಸಲಾಂ ಹೇಳಿ ಕೈ ಮುಟ್ಟಿಸಿ, ಹೊರಟುಬಿಡುತ್ತಾನೆ. ಭಾನುವಾರ ಬಸ್ಸು ಬರುತ್ತದೆ. ಬಸ್ಸಿಗೆ ಸೂಚನೆಗಳು ಅರ್ಥವಾಗುವುದಿಲ್ಲ.

ಡೆರಮಾನ್ ಎದ್ದ.

ಸೆಪಿಯಾ ತಡಿಕೆಯನ್ನು ಸರಿಸಿ ಹೊರಗೆ ಬಂದಳು. ಕೈಯಲ್ಲಿ ಆ ಎಲೆಯ ಸೀಳು ಹಾಗೇ ಇತ್ತು. ಅದನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ನಿಂತಳು.

"ನೀವು ನನ್ನನ್ನ ಮದುವೆ ಆಗ್ತೀರಾ?"

ಚಾಪೆಯಿಲ್ಲ, ದಿಂಬಿಲ್ಲ, ಹಾಸುವುದಿಲ್ಲ, ಸುತ್ತುವುದಿಲ್ಲ. ಆ ಊರು ಹುಟ್ಟಿದಂದಿನಿಂದ ಅಷ್ಟು ಬೆತ್ತಲೆಯಾದ ಮಾತನ್ನು ಯಾವ ಜಗಲಿಯೂ ಕೇಳಿರಲಿಲ್ಲ. ಪಕ್ಕದ ಮನೆಯ ಕಿಟಕಿಯಲ್ಲಿ ಯಾರದೋ ಕೈಯಿಂದ ಪಾತ್ರೆ ಬಿತ್ತು.

"ಏನೇ ಇದು, ಮಾನಗೆಟ್ಟೋಳೇ!" ಎಂದಳು ಜಾರಾ, ಆದರೆ ಪಿಸುದನಿಯಲ್ಲಿ. ಉತ್ತರ ಕೇಳಿಸದೆ ಹೋದರೆ ಎಂಬ ಹೆದರಿಕೆ ಅವಳಿಗೂ ಇತ್ತು.

ಡೆರಮಾನ್ ನಿಂತಲ್ಲೇ ನಿಂತ. "ಮಗೂಗೋಸ್ಕರ ಕೇಳ್ತಿದ್ದೀಯಾ ಸೆಪಿಯಾ?"

"ಹೌದು. ಮಗೂಗೋಸ್ಕರಾನೇ. ಸುಳ್ಳು ಯಾಕೆ ಹೇಳ್ಲಿ?"

"ನನಗೋಸ್ಕರ ಏನೂ ಇಲ್ವಾ?"

ಅವಳು ಯೋಚಿಸಿದಳು. ತಾಯಿ ಹಿಂದಿನಿಂದ ಇದೆ ಅನ್ನು, ಇದೆ ಅನ್ನು ಎಂದು ಕೈಯಾಡಿಸುತ್ತಿದ್ದಳು.

"ಇನ್ನೂ ಇಲ್ಲ," ಎಂದಳು ಸೆಪಿಯಾ.

ಅವನ ಮುಖದಲ್ಲಿ ಏನೋ ಸಡಿಲವಾಯಿತು. "ನನಗೂ ಹಾಗೇ," ಎಂದ. "ನೀನು ಆ ಕಡೆ ತಿರುಗಿ ನಿಂತ್ರೆ ಅವಳೇ ಅನ್ಸುತ್ತೆ. ಈ ಕಡೆ ತಿರುಗಿದ್ರೆ ಅಲ್ಲ ಅನ್ಸುತ್ತೆ. ಎರಡೂ ಕಷ್ಟ."

"ನನಗೂ ಕಷ್ಟಾನೇ. ಅವಳು ನನ್ನ ಅಕ್ಕ."

"ಅಂಗಡಿ ಇಲ್ಲ ನನ್ನ ಹತ್ರ."

"ಜನ ಸೇತುವೆ ಹತ್ರ ಹೋದ್ರೆ ಅಂಗಡೀನೂ ಹೋಗ್ಲಿ. ನಾಲ್ಕು ಕಂಬ, ಒಂದು ಒಲೆ. ಎರಡು ವರ್ಷದಿಂದ ಖಾಲಿ ನೀರು ನೋಡ್ಕೊಂಡು ಕೂತಿದ್ದೀರಲ್ಲ, ಎತ್ತಿ ಆ ಕಡೆ ಇಡೋಕೆ ಯಾರಾದ್ರೂ ಬೇಡ ಅಂದ್ರಾ?"

"ಕಲ್ಸುಮ್‌ಗೆ ನದಿ ಕಾಣ್ಬೇಕಾಗಿತ್ತು," ಎಂದ ಅವನು.

ಸೆಪಿಯಾಳ ಬೆರಳಿನ ಎಲೆ ಸೀಳು ಕಳಚಿ ಕೆಳಗೆ ಬಿತ್ತು. ಅವಳಿಗೆ ಅಳು ಬಂತು, ಅಕ್ಕ ತೀರಿಕೊಂಡ ದಿನ ಬಾರದಿದ್ದ ಅಳು. ಆದರೆ ಈಗ ಅತ್ತರೆ ಅವನು ಕರುಣೆಯಿಂದ ಹೂಂ ಎಂದಾನು. ಅದು ಅವಳಿಗೆ ಬೇಡವಾಗಿತ್ತು. ಹಲ್ಲು ಕಚ್ಚಿ ನಿಂತಳು.

"ಬೇಡ ಅನ್ಸಿದ್ರೆ ಬೇಡ ಅನ್ನಿ. ನಾನೇನೂ ಬಾವಿಗೆ ಬೀಳಲ್ಲ. ಆದ್ರೆ ಅಮ್ಮನ ಮಾತಿಗೆ ಸಿಟ್ಟು ಮಾಡ್ಕೊಂಡು ಮಗೂನ ಕರ್ಕೊಂಡ್ಹೋಗ್ಬೇಡಿ. ತೋಟದ ಕ್ಯಾಂಟೀನಲ್ಲಿ ಕೊಳಗಗಟ್ಲೆ ಅನ್ನ ಬೇಯಿಸ್ತಾ ಅವಳ ತಲೆ ಯಾವಾಗ ಬಾಚ್ತೀರಾ?"

ಡೆರಮಾನ್ ಏಣಿಯ ಕಡೆ ನಡೆದ. ಜಾರಾ ಕಣ್ಣು ಮುಚ್ಚಿದಳು. ಅವನು ಮೂರು ಮೆಟ್ಟಿಲಿಳಿದು, ತಲೆ ಮಾತ್ರ ಜಗಲಿಯ ಮಟ್ಟಕ್ಕಿರುವಾಗ, ನಿಂತ. ಕೆಳಗೆ ಮೆಲೂರ್ ಅಪ್ಪನ ಚಪ್ಪಲಿಗೆ ತನ್ನ ಕಾಲು ತೂರಿಸಿ, ಕೋಳಿಗಳ ಹಿಂದೆ ಟಪಟಪ ಓಡುತ್ತಿದ್ದಳು.

"ನಿನ್ನ ಚಿಕ್ಕಪ್ಪ ಮನೇಲಿದ್ದಾರಾ?" ಎಂದು ಕೇಳಿದ.

ಅಪ್ಪನಿಲ್ಲದ ಸೆಪಿಯಾಳ ಮದುವೆಯ ಮಾತು ಆಡಬೇಕಾದವನು ಆ ಚಿಕ್ಕಪ್ಪನೇ. ಬೇರೆ ಕೆಲಸಕ್ಕೆ ಯಾರೂ ಅವನನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ.

"ಇಲ್ಲದಿದ್ರೆ ಕಾಯಿರಿ, ಅಬಾಂಗ್," ಎಂದಳು ಸೆಪಿಯಾ.

ಆ ಊರಿನ ಹೆಂಗಸರು ಅಕ್ಕನ ಗಂಡನನ್ನು ಅಬಾಂಗ್ ಎಂದು ಕರೆಯುತ್ತಾರೆ. ತಮ್ಮ ಗಂಡನನ್ನೂ ಅಬಾಂಗ್ ಎಂದೇ ಕರೆಯುತ್ತಾರೆ. ಅವಳು ಯಾವ ಅರ್ಥದಲ್ಲಿ ಕರೆದಳೆಂದು ತಿಳಿಯಲು ಅವನು ಮೆಟ್ಟಿಲಿನ ಮೇಲೆ ಒಂದು ಕ್ಷಣ ಕಾದ. ಅವಳಿಗೇ ಇನ್ನೂ ಗೊತ್ತಿರಲಿಲ್ಲ. ಬಗ್ಗಿ, ಕೆಳಗೆ ಬಿದ್ದಿದ್ದ ಎಲೆಯ ಸೀಳನ್ನು ಹುಡುಕತೊಡಗಿದಳು.